ಕತ್ತರಿ ಎತ್ತುವ ಮೊದಲು ಕಡ್ಡಿ ನೋಡಿ

ಹಿತ್ತಲ ಪ್ರಶ್ನೋತ್ತರ – ಫೆಬ್ರುವರಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಗಿಡ ಸವರುವುದರ ಬಗ್ಗೆಯೇ ಇವೆ. ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ ಎಲ್ಲರ ಕೈಗೂ ಕತ್ತರಿ ಬರುತ್ತದೆ. ಶ್ರಾವಣದಿಂದ ನವರಾತ್ರಿ ದಾಟುವವರೆಗೆ ಹೂ ಬಿಡುವ ಗಿಡಗಳಿಗೆ ಇದು ಸರಿಯಾದ ಕಾಲ. ಆದರೆ ಎಲ್ಲ ಗಿಡಕ್ಕೂ ಸರಿಯಲ್ಲ. ಅದಕ್ಕೇ ಗೊಬ್ಬರ, ಕುಂಡ, ಬೀಜದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು, ಈ ಸಲ ಇದೊಂದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನಮ್ಮ ಕಾಂಪೌಂಡಿನ ಪಾರಿಜಾತ 12 ಅಡಿ ದಾಟಿ ರಸ್ತೆಗೆ ವಾಲಿತ್ತು. ಹೋದ ಜುಲೈನಲ್ಲಿ ಕೆಲಸದವರನ್ನು ಕರೆಸಿ ಅರ್ಧಕ್ಕೆ ಕಡಿಸಿದೆವು. ಗಿಡ ಚೆನ್ನಾಗಿ ಚಿಗುರಿತು, ಆದರೆ ನವರಾತ್ರಿಗೆ ಒಂದು ಹೂವೂ ಇಲ್ಲ. ಬರೀ ಸೊಪ್ಪು. ಗೊಬ್ಬರ ಕಡಿಮೆಯಾಯಿತೇ?
– ತುಮಕೂರಿನ ಓದುಗರು

ಉತ್ತರ: ಗೊಬ್ಬರದ ದೋಷ ಅಲ್ಲ. ಕಡಿಸಿದ ತಿಂಗಳು ತಪ್ಪಿದೆ, ಅಷ್ಟೇ. ಗಿಡ ಚೆನ್ನಾಗಿ ಚಿಗುರಿದೆ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಬೇರಿಗೆ ಏನೂ ಆಗಿಲ್ಲ, ಚಿಂತೆ ಬೇಡ.

ಪಾರಿಜಾತ ಹೂ ಬಿಡುವುದು ಆ ವರ್ಷ ಬೆಳೆದ ಹೊಸ ಕಡ್ಡಿಯ ತುದಿಯಲ್ಲಿ. ಮಾರ್ಚ್‌ ಏಪ್ರಿಲ್‌ನಲ್ಲಿ ಚಿಗುರು ಹೊರಡುತ್ತದೆ, ಮಳೆ ಬಿದ್ದ ಮೇಲೆ ಸರಸರನೆ ಉದ್ದವಾಗುತ್ತದೆ, ಜುಲೈ ಮುಗಿಯುವ ಹೊತ್ತಿಗೆ ಆ ಕಡ್ಡಿ ಬಲಿತು ತುದಿಯಲ್ಲಿ ಮೊಗ್ಗಿನ ಗೊಂಚಲು ಕಟ್ಟಲು ಶುರು ಮಾಡುತ್ತದೆ. ನೀವು ಸರಿಯಾಗಿ ಆಗಲೇ ಕಡಿಸಿದಿರಿ. ಗಿಡ ಮೊದಲಿನಿಂದ ಚಿಗುರಬೇಕಾಯಿತು. ಆ ಚಿಗುರು ಬಲಿಯುವಷ್ಟರಲ್ಲಿ ಹೂವಿನ ಕಾಲವೇ ಮುಗಿದಿತ್ತು.

ಈಗ ಏನು ಮಾಡಬೇಕು? ಈ ತಿಂಗಳ ಕೊನೆಯೊಳಗೆ ಸವರಿ. ಗಿಡದಲ್ಲಿ ಈಗ ಎಲೆ ಉದುರಿ ಕೊಂಬೆಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿರುತ್ತವೆ. ಕತ್ತರಿಸುವುದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಪಾರಿಜಾತದ ಕೊಂಬೆಯನ್ನು ಕಣ್ಣಿನ ಮಟ್ಟಕ್ಕೆ ಬಗ್ಗಿಸಿ ನೋಡಿ. ಹೋದ ಸಲ ಹೂ ಬಿಟ್ಟ ಗಿಡವಾದರೆ ತುದಿಯಲ್ಲಿ ಕಂದು ಬಣ್ಣದ ಚಪ್ಪಟೆ ಕಾಯಿಗಳು ಒಣಗಿ ನಿಂತಿರುತ್ತವೆ. ಒಂದೊಂದೂ ಹೆಚ್ಚುಕಡಿಮೆ 2 ಸೆಂಟಿಮೀಟರ್ ಅಗಲ. ಬೆರಳಲ್ಲಿ ಒತ್ತಿದರೆ ಎರಡು ಹೋಳಾಗುತ್ತದೆ, ಹೋಳಿಗೊಂದು ಬೀಜ. ಹೂವು ಎಲ್ಲಿ ಬಂದಿತ್ತು ಎಂಬುದಕ್ಕೆ ಈ ಕಾಯಿಯೇ ಗುರುತು. ನಿಮ್ಮ ಗಿಡದಲ್ಲಿ ಹೋದ ಸಲ ಹೂವೇ ಬರಲಿಲ್ಲವಲ್ಲ, ಪಕ್ಕದ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಹೋಗಿ ನೋಡಿ ಬನ್ನಿ. ಕಾಯಿಯಿಂದ ಕೆಳಕ್ಕೆ ಬೆರಳು ಆಡಿಸುತ್ತಾ ಬನ್ನಿ. ಕಡ್ಡಿ ನಾಲ್ಕು ಮೂಲೆಯದು, ಸ್ವಲ್ಪ ದೊರಗು. ಕೆಳಗೆ ಬಂದಂತೆ ಒಂದು ಕಡೆ ಮೂಲೆಗಳು ಮಾಸಿ ಕಡ್ಡಿ ಗುಂಡಗಾಗುತ್ತದೆ, ತೊಗಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದು ಹಳೇ ಕೊಂಬೆ. ಅದರ ಮೇಲಿರುವ ನಾಲ್ಕು ಮೂಲೆಯ ಭಾಗವೆಲ್ಲ ಹೋದ ವರ್ಷದ ಬೆಳವಣಿಗೆ. ಇಷ್ಟು ಗೊತ್ತಾದರೆ ಎಲ್ಲಿ ಕತ್ತರಿಸಬೇಕು ಅಂತ ಯಾರನ್ನೂ ಕೇಳಬೇಕಿಲ್ಲ.

ಹೋದ ವರ್ಷದ ಕಡ್ಡಿಯಲ್ಲಿ ಬುಡದ ಎರಡು ಮೂರು ಗೆಣ್ಣು ಉಳಿಸಿ ಮಿಕ್ಕಿದ್ದನ್ನು ತೆಗೆಯಿರಿ. ಪಾರಿಜಾತದ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಬರುವುದರಿಂದ ಪ್ರತಿ ಗೆಣ್ಣಿನಲ್ಲೂ ಎರಡು ಕಣ್ಣು ಇರುತ್ತವೆ. ಎರಡೂ ಚಿಗುರುತ್ತವೆ. ಗಿಡದ ಹೊಟ್ಟೆಯ ಕಡೆಗೆ ಮುಖ ಮಾಡಿದ ಚಿಗುರನ್ನು ಎಳೆಯದಾಗಿರುವಾಗಲೇ ಹೆಬ್ಬೆರಳಿನಿಂದ ಉಜ್ಜಿ ತೆಗೆದುಬಿಡಿ. ಹೊರಗಿನದು ಬೆಳೆಯಲಿ. ಗಿಡದೊಳಗೆ ಗಾಳಿ ಬೆಳಕು ಆಡುತ್ತದೆ, ರಸ್ತೆ ಕಡೆ ವಾಲುವ ಕೊಂಬೆಯನ್ನು ನಿಮ್ಮ ಅಂಗಳದ ಕಡೆ ತಿರುಗಿಸಲೂ ಆಗುತ್ತದೆ.

ಎತ್ತರ ಇಳಿಸಬೇಕು ಅಂದಿರಿ. ಒಂದೇ ಸಲಕ್ಕೆ ಎಲ್ಲ ಕೊಂಬೆಗಳನ್ನೂ ಸಮಮಟ್ಟ ಮಾಡಬೇಡಿ. ತೀರಾ ದಪ್ಪಗಾದ ಹಳೇ ಕೊಂಬೆಗಳಲ್ಲಿ ಒಂದನ್ನು ಈ ವರ್ಷ ಬುಡದ ಹತ್ತಿರಕ್ಕೆ ತೆಗೆಯಿರಿ, ಇನ್ನೊಂದನ್ನು ಬರುವ ವರ್ಷ. ಬುಡದಿಂದ ಬರುವ ಹೊಸ ಕೊಂಬೆ ಆ ಜಾಗ ತುಂಬಿಕೊಳ್ಳುತ್ತದೆ. ಹೀಗೆ ಮಾಡಿದರೆ ಯಾವ ವರ್ಷವೂ ಹೂವು ತಪ್ಪುವುದಿಲ್ಲ.

ಸವರಿದ ಮೇಲೆ ಬುಡಕ್ಕೆ ಒಂದು ಬುಟ್ಟಿ ಹಳೇ ಸಗಣಿ ಗೊಬ್ಬರ ಸಾಕು. ಯೂರಿಯ ಹಾಕಬೇಡಿ, ಮತ್ತೆ ಸೊಪ್ಪೇ ಬರುತ್ತದೆ. ಇನ್ನೊಂದು ಮಾತು. ಬೆಳಗ್ಗೆ ನೆಲದ ಮೇಲೆ ಬಿದ್ದ ಪಾರಿಜಾತ ಆರಿಸಿ ದೇವರಿಗೆ ಏರಿಸುವ ಮನೆ ನಿಮ್ಮದು ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಆ ಖುಷಿ ಒಂದು ವರ್ಷ ತಪ್ಪಿದರೂ ಎಷ್ಟು ಬೇಜಾರಾಗುತ್ತದೆ ಅಂತ ನನಗೆ ಗೊತ್ತು. ಬರುವ ನವರಾತ್ರಿಯ ಹೊತ್ತಿಗೆ ಗಿಡದಲ್ಲಿ ಖಂಡಿತ ಹೂವು ಕಾಣುತ್ತೀರಿ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ (ಬಳ್ಳಿ ಸವರುವುದು) ಎರಡೂ ಮಾಡುತ್ತೇವೆ. ಮನೆ ಮುಂದಿನ ಹೂಗಿಡಗಳಿಗೂ ವರ್ಷಕ್ಕೆ ಎರಡು ಸಲ ಬೇಕಾ?
– ವಿಜಯಪುರದ ಓದುಗರು

ಉತ್ತರ: ನಿಮಗೆ ನಾನು ಹೇಳಿಕೊಡುವುದೇನಿಲ್ಲ, ನಿಮ್ಮ ತೋಟದಲ್ಲೇ ಉತ್ತರ ಇದೆ. ಏಪ್ರಿಲ್ ಚಾಟನಿಯಿಂದ ಬಂದ ಕಡ್ಡಿಯ ಕಣ್ಣುಗಳ ಒಳಗೆ ಹೂಗೊಂಚಲು ಮೊದಲೇ ರೂಪ ತಾಳಿರುತ್ತದೆ. ಅಕ್ಟೋಬರ್‌ನಲ್ಲಿ ಕತ್ತರಿಸಿದಾಗ ಆ ಕಣ್ಣು ಒಡೆದು ಗೊಂಚಲು ಹೊರಬರುತ್ತದೆ. ಅಂದರೆ ಬಲಿತ ಕಡ್ಡಿ ಸಿದ್ಧವಾಗಿಯೇ ಇರಬೇಕು. ಅದಕ್ಕೇ ಎರಡು ಚಾಟನಿ.

ಮಳೆಗಾಲದ ಕೊನೆಗೆ ಹೂ ಬಿಡುವ ಪೊದೆಗಳಿಗೆ ಈ ಗೋಜಿಲ್ಲ. ಅವು ಅದೇ ವರ್ಷ ಚಿಗುರಿ, ಅದೇ ಚಿಗುರಿನ ತುದಿಯಲ್ಲಿ ಹೂ ಬಿಡುತ್ತವೆ. ಒಂದು ದೊಡ್ಡ ಸವರುವಿಕೆ ಸಾಕು. ನಿಮ್ಮ ಕಡೆ ಬಿಸಿಲು ಬೇಗ ಏರುತ್ತದೆ, ಹಾಗಾಗಿ ಫೆಬ್ರುವರಿ ಎರಡನೇ ವಾರದೊಳಗೆ ಮುಗಿಸಿ. ಏಪ್ರಿಲ್‌ ಮೇ ತಿಂಗಳಲ್ಲಿ ಜೋರಾಗಿ ಕತ್ತರಿಸಿದರೆ ಇಷ್ಟು ದಿನ ಎಲೆಯ ನೆರಳಲ್ಲಿದ್ದ ತೊಗಟೆ ಬಿಸಿಲಿಗೆ ಸುಟ್ಟು ಸೀಳುತ್ತದೆ.

ಪೊದೆ ತುಂಬಿಕೊಳ್ಳಬೇಕೆಂದರೆ ಎಳೇ ಕುಡಿ ಚಿವುಟಬಹುದು. ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ರಸ ಇರುತ್ತದೆ. ಅದು ಕೆಳಗೆ ಇಳಿದು ಪಕ್ಕದ ಕಣ್ಣುಗಳು ಚಿಗುರದ ಹಾಗೆ ತಡೆಯುತ್ತದೆ. ಕುಡಿ ಹೋದರೆ ತಡೆಯೂ ಹೋಯಿತು, ಒಂದು ಕಡ್ಡಿಯ ಜಾಗದಲ್ಲಿ ಎರಡು ಮೂರು ಕಡ್ಡಿ. ಕಡ್ಡಿ ಜಾಸ್ತಿಯಾದರೆ ಹೂ ಬಿಡುವ ತುದಿಗಳೂ ಜಾಸ್ತಿ ಅಲ್ವಾ? ಆದರೆ ಮೇ ಕೊನೆಗೆ ಚಿವುಟುವುದನ್ನು ನಿಲ್ಲಿಸಿ. ಆಮೇಲೆ ಬರುವ ಕುಡಿಯೇ ಹೂ ಬಿಡುವ ಕುಡಿ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಕೊಂಡ ಮನೆಯ ಮುಂದೆ ಮೊದಲೇ ಮೂರು ಪೊದೆ ಇದ್ದವು. ಒಂದು ದಾಸವಾಳದ ಹಾಗಿದೆ, ರೋಸ್ ಆಫ್ ಶ್ಯಾರನ್ ಅಂತಾರೆ. ಇನ್ನೊಂದು ಕೋನಾಕಾರದ ಬಿಳಿ ಹೂವಿನ ಹೈಡ್ರೇಂಜಿಯ. ಮೂರನೆಯದು ಚೆಂಡು ಹೂವಿನ ನೀಲಿ ಹೈಡ್ರೇಂಜಿಯ. ಹುಲ್ಲು ಕತ್ತರಿಸುವವರು ಅಕ್ಟೋಬರ್‌ನಲ್ಲಿ ಮೂರನ್ನೂ ಒಂದೇ ಎತ್ತರಕ್ಕೆ ಬೋಳಿಸಿ ಹೋಗುತ್ತಾರೆ. ಮೊದಲೆರಡು ಆಗಸ್ಟ್‌ನಲ್ಲಿ ಹೂ ಬಿಡುತ್ತವೆ. ನೀಲಿಯದು ನಾವು ಬಂದಾಗಿನಿಂದ ಹೂವೇ ಬಿಟ್ಟಿಲ್ಲ. ಕಿತ್ತು ಹಾಕಲೇ?

ಉತ್ತರ: ದಯವಿಟ್ಟು ಕೀಳಬೇಡಿ. ಆ ಗಿಡದಲ್ಲಿ ಏನೂ ಕೊರತೆಯಿಲ್ಲ. ಪ್ರತಿ ವರ್ಷ ಅದರ ಮೊಗ್ಗನ್ನೇ ಕತ್ತರಿಸಿ ಕಸಕ್ಕೆ ಹಾಕಲಾಗುತ್ತಿದೆ.

ನೀಲಿ ಚೆಂಡಿನ ಹೈಡ್ರೇಂಜಿಯ ಮಿಕ್ಕ ಎರಡರ ಹಾಗಲ್ಲ. ಬರುವ ವರ್ಷದ ಹೂವಿನ ಮೊಗ್ಗನ್ನು ಅದು ಈ ವರ್ಷದ ಆಗಸ್ಟ್‌ ಸೆಪ್ಟೆಂಬರ್‌ನಲ್ಲೇ ಕಡ್ಡಿಯ ತುದಿಯಲ್ಲಿ ಕಟ್ಟಿಟ್ಟುಕೊಳ್ಳುತ್ತದೆ. ಚಳಿಗಾಲವಿಡೀ ಆ ಮೊಗ್ಗು ಕಡ್ಡಿಯ ಮೇಲೆ ಮಲಗಿರುತ್ತದೆ. ಅಕ್ಟೋಬರ್‌ನಲ್ಲಿ ತುದಿ ಕತ್ತರಿಸಿದರೆ ಹೂವು ಹೋಯಿತು. ಬೇಸಿಗೆಯಲ್ಲಿ ಬುಡದಿಂದ ಹೊಸ ಚಿಗುರು ಬಂದು ಗಿಡ ಹಸಿರಾಗಿ ಕಾಣುತ್ತದೆ, ಆದರೆ ಹೂವಿಲ್ಲ. ಇತ್ತೀಚೆಗೆ ಹಳೇ ಕಡ್ಡಿ ಹೊಸ ಕಡ್ಡಿ ಎರಡರಲ್ಲೂ ಹೂ ಬಿಡುವ ತಳಿಗಳು ಬಂದಿವೆ, ಎಂಡ್‌ಲೆಸ್ ಸಮ್ಮರ್ ಅಂಥದ್ದೊಂದು. ನಿಮ್ಮದು ಆ ಜಾತಿಯಲ್ಲ ಅಂತ ನೀವು ಹೇಳಿದ್ದರಿಂದಲೇ ತಿಳಿಯುತ್ತದೆ.

ನಮ್ಮೂರಿನ ಕಡೆ ಇದನ್ನು ಬೇಗ ಅರ್ಥ ಮಾಡಿಕೊಳ್ಳುವವರು ಕಾಫಿ ಬೆಳೆಗಾರರು. ಕಾಫಿ ಹೂ ಅರಳುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ ಮೇಲೆ. ಹೂಮಳೆಗೆ ಮುಂಚೆ ಆ ರೆಕ್ಕೆಗಳನ್ನೆಲ್ಲ ಸವರಿದರೆ ಆ ವರ್ಷದ ಫಸಲು ಮರೆತುಬಿಡಬೇಕು. ಮಡಿಕೇರಿ ಕಡೆ ಎಷ್ಟೋ ಮನೆಗಳ ಅಂಗಳದಲ್ಲಿ ಇದೇ ನೀಲಿ ಹೈಡ್ರೇಂಜಿಯ ಇದೆ. ಅಲ್ಲಿ ಅದನ್ನು ಜಾಸ್ತಿ ಮುಟ್ಟುವುದಿಲ್ಲ, ಅದೂ ಧಾರಾಳವಾಗಿ ಹೂ ಕೊಡುತ್ತದೆ.

ಹಾಗಾದರೆ ನೀವು ಮಾಡಬೇಕಾದ್ದು: ಒಣಗಿದ ಹೂವಿದ್ದರೆ ಚಳಿಗಾಲ ಪೂರ್ತಿ ಗಿಡದಲ್ಲೇ ಬಿಡಿ, ಕೆಳಗಿನ ಮೊಗ್ಗಿಗೆ ಅದು ಹಿಮದಿಂದ ಒಂದಿಷ್ಟು ರಕ್ಷಣೆ. ಏಪ್ರಿಲ್‌ನಲ್ಲಿ ಕಣ್ಣುಗಳು ಉಬ್ಬಿ ಹಸಿರು ಕಂಡ ಮೇಲೆ ಪ್ರತಿ ಕಡ್ಡಿಯನ್ನೂ ತುದಿಯಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಮೊದಲು ಸಿಗುವ ದಪ್ಪನೆಯ ಜೋಡಿ ಮೊಗ್ಗಿನ ಮೇಲಷ್ಟೇ ಕತ್ತರಿಸಿ. ಸಣ್ಣ ಚೂಪು ಮೊಗ್ಗು ಎಲೆಯದು, ದಪ್ಪನೆಯದು ಹೂವಿನದು. ಪೂರ್ತಿ ಸತ್ತ ಕಡ್ಡಿಯನ್ನು ಬುಡಕ್ಕೆ ತೆಗೆಯಿರಿ. ಇನ್ನೇನೂ ಬೇಡ. ಗಿಡ ತೀರಾ ದೊಡ್ಡದಾಗಿ ಗಾತ್ರ ಇಳಿಸಲೇಬೇಕಾದರೆ ಹೂವು ಮುಗಿದ ತಕ್ಷಣ, ಜುಲೈ ಕೊನೆಯೊಳಗೆ ಇಳಿಸಿ.

ಉಳಿದೆರಡು ಗಿಡ ಹೊಸ ಕಡ್ಡಿಯಲ್ಲಿ ಹೂ ಬಿಡುವಂಥವು. ಅದಕ್ಕೇ ಅಕ್ಟೋಬರ್‌ನ ಬೋಳು ಕಟಿಂಗನ್ನೂ ತಡೆದುಕೊಂಡು ಆಗಸ್ಟ್‌ಗೆ ಹೂ ಕೊಟ್ಟಿವೆ. ಆದರೂ ಅಕ್ಟೋಬರ್ ಅವಕ್ಕೂ ಒಳ್ಳೆಯದಲ್ಲ. ಚಳಿ ಬೀಳುವ ಮುಂಚೆ ಕತ್ತರಿಸಿದರೆ ಗಿಡ ಎಳೇ ಚಿಗುರು ಹೊರಡಿಸಬಹುದು, ಮೊದಲ ಹಿಮಕ್ಕೆ ಅದು ಕರಟುತ್ತದೆ. ಗಾಯ ಬೇಗ ಮಾಯುವುದೂ ಇಲ್ಲ. ಮಾರ್ಚ್‌ನಲ್ಲಿ, ಕಣ್ಣು ಒಡೆಯುವ ಮುಂಚೆ ಕತ್ತರಿಸಿ.

ಬಿಳಿ ಕೋನದ ಹೈಡ್ರೇಂಜಿಯವನ್ನು ಮೂರನೇ ಒಂದು ಪಾಲು ಇಳಿಸಿದರೆ ಸಾಕು. ಬುಡಮಟ್ಟ ಕತ್ತರಿಸಿದರೆ ಹೂಗೊಂಚಲು ಭಾರಿ ದೊಡ್ಡದಾಗುತ್ತದೆ ನಿಜ, ಆದರೆ ಎಳೇ ಕಡ್ಡಿ ಅದನ್ನು ಹೊರಲಾರದೆ ಒಂದು ಜೋರು ಮಳೆಗೆ ನೆಲಕ್ಕೆ ಬಾಗುತ್ತದೆ. ನನ್ನ ಕೇಳಿದರೆ ಸ್ವಲ್ಪ ಚಿಕ್ಕದಾದರೂ ನೆಟ್ಟಗೆ ನಿಲ್ಲುವ ಹೂವೇ ಚಂದ.

ರೋಸ್ ಆಫ್ ಶ್ಯಾರನ್ ನಮ್ಮ ದಾಸವಾಳದ ಸೋದರ ಸಂಬಂಧಿಯೇ. ಇದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂವು. ನಮ್ಮ ದಾಸವಾಳ ಹಿಮಕ್ಕೆ ಸಾಯುತ್ತದೆ, ಇದು ಎಲೆ ಉದುರಿಸಿ ಮಲಗಿ ಮತ್ತೆ ಏಳುತ್ತದೆ. ಏಳುವುದು ಬಹಳ ತಡ. ಅಕ್ಕಪಕ್ಕದ ಗಿಡಗಳೆಲ್ಲ ಹಸಿರಾದರೂ ಇದು ಮೇ ತಿಂಗಳವರೆಗೆ ಒಣ ಕಡ್ಡಿಯ ಹಾಗೇ ಇರಬಹುದು. ಸತ್ತಿತು ಅಂದುಕೊಂಡು ಕಿತ್ತವರಿದ್ದಾರೆ. ಉಗುರಿನಿಂದ ತೊಗಟೆ ಒಂಚೂರು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ. ಮಾರ್ಚ್‌ನಲ್ಲಿ ಹೋದ ವರ್ಷದ ಕಡ್ಡಿಗಳನ್ನು ಎರಡು ಮೂರು ಕಣ್ಣಿಗೆ ಇಳಿಸಿದರೆ ಹೂವು ದೊಡ್ಡದಾಗಿ ಬರುತ್ತದೆ.

ಹುಲ್ಲು ಕತ್ತರಿಸುವವರಿಗೆ ಅಕ್ಟೋಬರ್‌ನಲ್ಲಿ ಬಾಯಿಮಾತಿಗೆ ಹೇಳಿದರೆ ಸಾಲದು. ನೀಲಿ ಗಿಡಕ್ಕೆ ಒಂದು ಕೆಂಪು ರಿಬ್ಬನ್ ಕಟ್ಟಿಬಿಡಿ. ಅಂದಹಾಗೆ, ಅದರ ಹೂವು ನೀಲಿ ಬರಲು ಮಣ್ಣು ಹುಳಿಯಾಗಿರಬೇಕು, ಹುಳಿ ಮಣ್ಣಿನಲ್ಲಿ ಮಾತ್ರ ಬೇರಿಗೆ ಅಲ್ಯೂಮಿನಿಯಂ ಸಿಗುತ್ತದೆ. ಹುಲ್ಲಿಗೆ ಹಾಕಿದ ಸುಣ್ಣ ಅದರ ಬುಡಕ್ಕೂ ಹರಿದರೆ ಮೊದಲ ಹೂವು ಗುಲಾಬಿ ಬಣ್ಣದಲ್ಲಿ ಬರಬಹುದು. ಗಾಬರಿಯಾಗಬೇಡಿ.

ಪ್ರಶ್ನೆ: ದುಂಡು ಮಲ್ಲಿಗೆ ಬಳ್ಳಿ ಸಿಕ್ಕಾಪಟ್ಟೆ ಹಬ್ಬಿದೆ. ಈಗ ಪೂರ್ತಿ ಕತ್ತರಿಸಲೇ?
– ಮೈಸೂರಿನ ಓದುಗರು

ಉತ್ತರ: ಈಗ ಬೇಡ, ತಡವಾಯಿತು. ಮಲ್ಲಿಗೆಯೂ ಹೊಸ ಚಿಗುರಿನಲ್ಲೇ ಹೂ ಬಿಡುವುದು. ಆದರೆ ಅದರ ಹೂವು ಮಾರ್ಚ್‌ನಿಂದ ಶುರು. ಹಾಗಾಗಿ ಸವರುವ ಕಾಲ ನವೆಂಬರ್ ಕೊನೆಯ ವಾರ. ಅದಕ್ಕೆ ಸ್ವಲ್ಪ ದಿನ ಮುಂಚೆ ನೀರು ಕಡಿಮೆ ಮಾಡಿ ಗಿಡ ಒಣಗಿಸಬೇಕು, ಆಮೇಲೆ ನೆಲದಿಂದ ಸುಮಾರು 50 ಸೆಂಟಿಮೀಟರ್ ಬಿಟ್ಟು ಎಲ್ಲವನ್ನೂ ಕತ್ತರಿಸಿ, ಗೊಬ್ಬರ ಕೊಟ್ಟು ನೀರು ಬಿಡಬೇಕು. ಈ ಸಲಕ್ಕೆ ಒಣಕಡ್ಡಿ, ಸೊರಗಿದ ಕಡ್ಡಿ ಮಾತ್ರ ತೆಗೆಯಿರಿ. ಮಿಕ್ಕಿದ್ದು ಮೊಗ್ಗು ಬಿಡಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ತಾರಸಿಯ ಕುಂಡದಲ್ಲಿ ದಾಸವಾಳ ಇಟ್ಟಿದ್ದೇನೆ. ಹೂವು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ. ಕುಡಿಯಲ್ಲಿ ಬಿಳೀ ಹಿಟ್ಟಿನಂಥದ್ದು ಅಂಟಿದೆ. ಸವರಿದರೆ ಹೋಗುತ್ತದೆಯೇ?

ಉತ್ತರ: ಅರ್ಧ ಕೆಲಸ ಸವರುವುದರಿಂದಲೇ ಆಗುತ್ತದೆ. ದಾಸವಾಳದ ಪ್ರತಿ ಹೂವೂ ಹೊಸ ಕಡ್ಡಿಯ ಎಲೆಯ ಕಂಕುಳಲ್ಲಿ ಬರುತ್ತದೆ. ಕಡ್ಡಿ ಹಳತಾಗಿ ತುದಿ ಸೊರಗಿದರೆ ಹೂವೂ ಸೊರಗುತ್ತದೆ. ಬೆಂಗಳೂರಿನ ಹವೆಯಲ್ಲಿ ಫೆಬ್ರುವರಿ ಅಥವಾ ಜೂನ್ ಮೊದಲ ಮಳೆಯಾದ ಮೇಲೆ ಕತ್ತರಿಸಬಹುದು. ನಾಟಿ ಕೆಂಪು ದಾಸವಾಳವಾದರೆ ಅರ್ಧಕ್ಕೆ ಇಳಿಸಿದರೂ ಏನೂ ಆಗದು. ನರ್ಸರಿಯಿಂದ ತಂದ ದೊಡ್ಡ ಹೂವಿನ ಹೈಬ್ರಿಡ್ ನಿಧಾನ ಬೆಳೆಯುತ್ತದೆ, ಅದನ್ನು ಮೂರನೇ ಒಂದು ಪಾಲಿಗಿಂತ ಜಾಸ್ತಿ ಮುಟ್ಟಬೇಡಿ.

ಆ ಬಿಳಿ ಹಿಟ್ಟು ಹಿಟ್ಟುತಿಗಣೆ. ಅದು ಅಂಟಿದ ಮುರುಟು ಕುಡಿಗಳನ್ನೆಲ್ಲ ಮೊದಲು ಕತ್ತರಿಸಿ ಚೀಲದೊಳಗೆ ಹಾಕಿ ಬಾಯಿ ಕಟ್ಟಿ. ಗೊಬ್ಬರದ ಗುಂಡಿಗೆ ಹಾಕಿದರೆ ಮತ್ತೆ ಹತ್ತಿ ಬರುತ್ತದೆ. ಉಳಿದ ಗಿಡಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊತ್ತು ಹೊಡೆಯಿರಿ. ಕುಂಡಕ್ಕೆ ಇರುವೆ ಹತ್ತುವ ದಾರಿಯನ್ನೂ ಹುಡುಕಿ ಮುಚ್ಚಿ. ತಿಗಣೆಯ ಸಿಹಿ ರಸಕ್ಕಾಗಿ ಇರುವೆಗಳೇ ಅದನ್ನು ಕುಡಿಯಿಂದ ಕುಡಿಗೆ ಹೊತ್ತು ಸಾಕುತ್ತವೆ.

ಪ್ರಶ್ನೆ: ಕತ್ತರಿಸಿದ ಗಾಯಕ್ಕೆ ಸಗಣಿ ಮೆತ್ತಬೇಕು ಅಂತ ಅಪ್ಪ ಹೇಳ್ತಿದ್ದರು. ಅಂಗಡಿಯವರು ಪೇಸ್ಟ್ ಕೊಳ್ಳಿ ಅಂತಾರೆ. ಯಾವುದು ಸರಿ?
– ಶಿರಸಿಯ ಓದುಗರು

ಉತ್ತರ: ಪೆನ್ಸಿಲ್ ಗಾತ್ರದ ಕಡ್ಡಿಗೆ ಏನೂ ಬೇಡ. ಕತ್ತರಿ ಹರಿತವಾಗಿದ್ದು, ಕಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು, ನೀರು ಜಾರುವ ಹಾಗೆ ಓರೆಯಾಗಿ ಕತ್ತರಿಸಿದರೆ ಗಿಡವೇ ಗಾಯ ಮುಚ್ಚಿಕೊಳ್ಳುತ್ತದೆ. ಹೆಬ್ಬೆರಳಿಗಿಂತ ದಪ್ಪ ಕೊಂಬೆ ತೆಗೆದರೆ ಮಾತ್ರ ಬೋರ್ಡೋ ಪೇಸ್ಟ್ ಹಚ್ಚಿ. ಅಡಿಕೆ ಕೊಳೆಗೆ ಔಷಧಿ ಹೊಡೆಯುವ ಊರಿನವರು ನೀವು, ಮೈಲುತುತ್ತ ಸುಣ್ಣ ಮನೆಯಲ್ಲೇ ಇರುತ್ತದೆ. ಸುಮ್ನೆ ಅಂಗಡಿಗೆ ದುಡ್ಡು ಕೊಡಬೇಡಿ.

100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ, ಕಬ್ಬಿಣ ಬೇಡವೇ ಬೇಡ. ಆಮೇಲೆ ಎರಡನ್ನೂ ಮೂರನೇ ಪಾತ್ರೆಗೆ ಒಟ್ಟಿಗೆ ಸುರಿದು ಕದಡಿ. ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಅಲಗು ಇದ್ದ ಹಾಗೇ ಇದ್ದರೆ ಪೇಸ್ಟ್ ಸರಿಯಾಗಿದೆ. ಅದೇ ದಿನ ಹಚ್ಚಿ ಮುಗಿಸಿ, ನಾಳೆಗೆ ಇಡಬೇಡಿ. ನಿಮ್ಮ ಅಪ್ಪನ ಸಗಣಿ ಗಿಡದ ಬುಡಕ್ಕೆ ಬಹಳ ಒಳ್ಳೆಯದು, ಅಲ್ಲಿಗೇ ಹಾಕಿ.

ಪ್ರಶ್ನೆ: ಬೇಲಿಗುಂಟ ಕಣಗಿಲೆ ಆಳೆತ್ತರ ದಾಟಿದೆ. ತುದಿಯಲ್ಲಿ ಮಾತ್ರ ಹೂವು, ಕೆಳಗೆಲ್ಲ ಬೋಳು. ಹೇಗೆ ಸವರಲಿ?
– ದಾವಣಗೆರೆಯ ಓದುಗರು

ಉತ್ತರ: ಈಗಲೇ ಸವರಬಹುದು. ಹೊಸ ಕಡ್ಡಿಯ ತುದಿಯಲ್ಲೇ ಅದರ ಹೂವು. ಬೋಳಾದ ಕೊಂಬೆಗಳಲ್ಲಿ ಮೂರನೇ ಒಂದು ಪಾಲನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಮಿಕ್ಕವನ್ನು ಬರುವ ವರ್ಷಗಳಿಗೆ ಬಿಡಿ. ಕೆಳಗಿನಿಂದ ಚಿಗುರು ಬಂದು ಬೇಲಿ ಮತ್ತೆ ತುಂಬುತ್ತದೆ.

ಆದರೆ ಇದೊಂದು ಗಿಡದ ವಿಷಯದಲ್ಲಿ ಜೋಪಾನ. ಎಲೆ, ಹೂವು, ಕಡ್ಡಿ, ಹಾಲು ಎಲ್ಲವೂ ವಿಷ. ಕೈಗವಸು ಹಾಕಿಕೊಂಡೇ ಮುಟ್ಟಿ, ಕಣ್ಣಿಗೆ ಹಾಲು ಸಿಡಿಯದ ಹಾಗೆ ನೋಡಿಕೊಳ್ಳಿ. ಕಡ್ಡಿ ಒಣಗಿದ ಮೇಲೂ ವಿಷ ಹೋಗುವುದಿಲ್ಲ, ಅದರ ಹೊಗೆಯೂ ಕೆಟ್ಟದ್ದು. ಒಲೆಗೆ, ಹಂಡೆಗೆ ಒಟ್ಟಬೇಡಿ. ದನ, ಆಡು ಬಾಯಿ ಹಾಕದ ಕಡೆ ಗುಂಡಿ ತೋಡಿ ಮುಚ್ಚಿಬಿಡಿ. ಕತ್ತರಿಯನ್ನೂ ಕೈಯನ್ನೂ ಸೋಪು ಹಾಕಿ ತೊಳೆದ ಮೇಲೆಯೇ ಮುಂದಿನ ಗಿಡಕ್ಕೆ ಹೋಗಿ.